‘ವಿಗೆಂಟ್ಸ್’ಗೆ ಕುಲುಮೆ ಸಾಕಾ? ‘ದೀಪ ಬಿಡುವುದು’ ಸರಿಯಾ?

ಗೆಳೆಯರೇ,

ಸ್ಲೊವೇನಿಯಾದ ಕ್ರೋಪಾ ಎಂಬ ಸಣ್ಣ ಊರಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಯೆಲೊವಿತ್ಸಾ ಬೆಟ್ಟದ ಬುಡದಲ್ಲಿ, ಕ್ರೋಪಾರಿತ್ಸಾ ಹೊಳೆಯ ಎರಡೂ ದಡಕ್ಕೆ ಅಂಟಿಕೊಂಡಿರುವ ಊರು ಇದು. ಅದಿರು, ಇದ್ದಿಲು ಎರಡೂ ಬೆಟ್ಟದಿಂದಲೇ ಬರುತ್ತಿದ್ದವು. ಹೊಳೆ ಚಕ್ರ ತಿರುಗಿಸುತ್ತಿತ್ತು, ಚಕ್ರ ತಿದಿ ಒತ್ತುತ್ತಿತ್ತು. ನೂರಾರು ವರ್ಷ ಊರಿಗೆ ಊರೇ ಮೊಳೆ ಬಡಿದು ಬದುಕಿತು. ಬೂಟಿನ ಪುಟ್ಟ ಮೊಳೆಯಿಂದ ಹಡಗಿನ ದಪ್ಪ ಮೊಳೆಯವರೆಗೆ ನೂರಕ್ಕೂ ಹೆಚ್ಚು ಬಗೆ. ಕಾರ್ಖಾನೆಯ ಮೊಳೆ ಬಂದ ಮೇಲೆ ಕಸುಬು ಸೊರಗಿತು. ಅಲ್ಲೀಗ ಕಮ್ಮಾರಿಕೆಯ ಮ್ಯೂಸಿಯಂ ಇದೆ, 1952ರದ್ದು.

ಮೊದಲ ಪದ ‘ವಿಗೆಂಟ್ಸ್’. ಮೊಳೆ ಮಾಡುವ ಕಟ್ಟಡಕ್ಕೆ ಅವರ ಮಾತು. ‘ಕುಲುಮೆ’ ಅಂತ ಬರೆದು ಮುಗಿಸಬಹುದು, ಆದರೆ ನಮ್ಮ ಕುಲುಮೆ ಅಂದ್ರೆ ಒಂದು ಒಲೆ, ಒಬ್ಬ ಕಮ್ಮಾರ, ಹೆಚ್ಚೆಂದರೆ ಸುತ್ತಿಗೆ ಬೀಸಲು ಇನ್ನೊಬ್ಬ. ಅಲ್ಲಿ ಒಂದೇ ಸೂರಿನಡಿ ಹಲವು ಒಲೆ. ಒಂದೊಂದು ಒಲೆಯ ಸುತ್ತ ಹಲವರು, ಎಲ್ಲರಿಗೂ ಬಡಿಯಲು ಅವರವರದೇ ಅಡೆಗಲ್ಲು. ಹೆಂಗಸರು, ಮಕ್ಕಳೂ ಬಡಿಯುತ್ತಿದ್ದರು. ಕಾಸಿದ ಸರಳಿನ ತುದಿ ಚೂಪು ಮಾಡಿ, ಕತ್ತರಿಸಿ, ತೂತಿನ ಅಚ್ಚಿಗೆ ಇಳಿಸಿ ಮೇಲಿಂದ ಹೊಡೆದರೆ ಮೊಳೆಗೆ ತಲೆ ಬರುತ್ತದೆ. ಕೆಂಪು ಆರುವುದರೊಳಗೆ ಇಷ್ಟೂ ಆಗಬೇಕು! ಒಳಗಿನ ಒಲೆಗೆ ಅವರಲ್ಲಿ ‘ಯೆಶಾ’ ಅಂತ ಬೇರೆ ಪದವೇ ಇದೆ. ಕನ್ನಡದಲ್ಲಿ ಒಲೆಯೂ ಕುಲುಮೆ, ಕಟ್ಟಡವೂ ಕುಲುಮೆ ಆಗಿಬಿಟ್ಟರೆ ‘ಕುಲುಮೆಯೊಳಗೆ ಕುಲುಮೆ’ ಎಂಬ ಪೇಚು. ಹಾಗಾಗಿ ಒಲೆಗೆ ‘ಕುಲುಮೆ’ ಉಳಿಸಿಕೊಂಡು, ಕಟ್ಟಡಕ್ಕೆ ‘ಮೊಳೆಸಾಲೆ’ ಅನ್ನೋಣ ಅಂತ ನನಗೆ. ಕಮ್ಮಾರಸಾಲೆ ಇದೆಯಲ್ಲ, ಅದರ ಜಾಡಿನಲ್ಲಿ. ‘ಮೊಳೆ ತಯಾರಿಕಾ ಘಟಕ’ ಮಾತ್ರ ದಯವಿಟ್ಟು ಬೇಡ.

ಎರಡನೆಯದು ‘ಲುಚ್ ವ್ ವೊದೊ’. ಪದಕ್ಕೆ ಪದ ಇಟ್ಟರೆ ‘ಬೆಳಕು ನೀರಿಗೆ’. ಮಾರ್ಚ್ 12 ಸಂತ ಗ್ರೆಗರಿಯ ದಿನ. ಹಳೆಯ ಕ್ಯಾಲೆಂಡರಿನಲ್ಲಿ ವಸಂತ ಶುರುವಾಗುತ್ತಿದ್ದದ್ದು ಅವತ್ತು. ಹಿಂದಿನ ಸಂಜೆ ಮಕ್ಕಳು ಕಾಗದ, ರಟ್ಟಿನ ಪುಟ್ಟ ಮನೆ ಮಾಡಿ, ಒಳಗೆ ಮೇಣದ ಬತ್ತಿ ಹಚ್ಚಿ ನೀರಿಗೆ ಬಿಡುತ್ತಾರೆ. ಹಗಲು ಉದ್ದವಾಯಿತು, ಇನ್ನು ದೀಪ ಹಚ್ಚಿಕೊಂಡು ಕೆಲಸ ಮಾಡಬೇಕಿಲ್ಲ ಅಂತ ಕಮ್ಮಾರರ ಖುಷಿ. ‘ದೀಪ ತೇಲಿಸುವುದು’ ಅಂದರೆ ನಮ್ಮವರಿಗೆ ಕಾರ್ತಿಕದ ಹರಕೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹರಕೆ ಇಲ್ಲ, ದೀಪವನ್ನೇ ಸಾಗಹಾಕುವುದು. ‘ಗಣಪತಿ ಬಿಡುವುದು’ ಅನ್ನುವಾಗಿನ ‘ಬಿಡು’ ಇದಕ್ಕೆ ಹತ್ತಿರ. ‘ದೀಪ ಬಿಡುವ ಸಂಜೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಇನ್ನೊಂದು. ಆ ತೂತಿನ ಅಚ್ಚಿಗೆ ನಿಮ್ಮ ಕಡೆಯ ಕಮ್ಮಾರರು ಏನನ್ನುತ್ತಾರೆ? ಮನೆಯಲ್ಲಿ ಕಸುಬು ಇದ್ದವರು, ಲಾಳದ ಮೊಳೆ ಮಾಡಿದ್ದನ್ನು ಕಂಡವರು ಯಾರಾದರೂ ಇದ್ದರೆ ತಿಳಿಸಿ. ಸುಮ್ನೆ ‘ಅಚ್ಚು’ ಅಂತ ಬಿಡಲು ಮನಸ್ಸಿಲ್ಲ.