ಸಹಾಯ ಬೇಕು: ಬೀಚ್ ಮರದ ಬೀಜ ಬೇಗ ಸುಲಿಯೋದು ಹೇಗೆ?

2 ಕಿಲೋ ಬೀಚ್ (beech, ಯುರೋಪಿನಂಥ ತಂಪು ಸೀಮೆಯ ಕಾಡುಮರ) ಬೀಜ ಸುಲಿಯಬೇಕಿದೆ. ಮುಳ್ಳಿನ ಹೊರಕವಚ ಒಣಗಿದರೆ ತಾನೇ ನಾಲ್ಕಾಗಿ ಬಿರಿಯುತ್ತೆ, ಒಳಗೆ ಸಾಮಾನ್ಯವಾಗಿ ಎರಡು ಮುಮ್ಮೂಲೆ ಬೀಜ, ಅಲ್ಲಿವರೆಗೆ ತೊಂದರೆಯಿಲ್ಲ. ನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು, ಉಳಿದದ್ದನ್ನು ಒಣಗಿಸಿದ್ದಾಯ್ತು.

ಪೇಚಾಟವೆಲ್ಲ ಆ ತೊಗಲಿನಂಥ ಕಂದು ಸಿಪ್ಪೆಯದು. ಉಗುರಲ್ಲಿ ಅಂಚು ಬಿಡಿಸಿದರೆ ಬರುತ್ತೆ, ಆದರೆ ಒಂದೊಂದಾಗಿ! ಲಟ್ಟಣಿಗೆ ಉರುಳಿಸಿದರೆ ತಿರುಳೇ ಅಪ್ಪಚ್ಚಿ, ಎಣ್ಣೆಯಂಶ ಜಾಸ್ತಿಯಾದ್ದರಿಂದ ಸಿಪ್ಪೆಗೇ ಮೆತ್ತಿಕೊಳ್ಳುತ್ತೆ. ಹುರಿದರೆ ಸಿಪ್ಪೆ ಗರಿಗರಿಯಾಗುತ್ತೆ ನಿಜ, ಒಳಗಿನ ತೆಳುಪೊರೆ ಮಾತ್ರ ಒರಟು ಬಟ್ಟೆಯಲ್ಲಿ ಉಜ್ಜಿದರೂ ಪೂರ್ತಿ ಹೋಗಲ್ಲ.

ಹಸಿಯದು ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತೆ, ಹಾಗಾಗಿ ಹುರಿಯೋದಂತೂ ಬಿಡೋ ಹಾಗಿಲ್ಲ. ಸುಲಿದು ಹುರಿಯಬೇಕಾ, ಹುರಿದು ಸುಲಿಯಬೇಕಾ? ಉರಿ ಎಷ್ಟಿರಲಿ, ಎಷ್ಟು ನಿಮಿಷ? ಕೈಗಿರಣಿಯಾದರೆ ಕಲ್ಲುಗಳ ನಡುವೆ ಎಷ್ಟು ಮಿ.ಮೀ. ಬಿಟ್ಟರೆ ತಿರುಳು ಇಡಿಯಾಗಿ ಉಳಿಯುತ್ತೆ? ಮಾಡಿ ನೋಡಿದವರು ಅಳತೆ ಸಮೇತ ಹೇಳಿ.