ಅಪ್‌ಡೇಟ್: ಆ ಕಾದಂಬರಿ ಸಿಕ್ಕಿತು, ಓದಿಯೂ ಆಯಿತು

ಹಾಡುವ ಅಣ್ಣ, ಪಿಯಾನೋ ನುಡಿಸುವ ತಮ್ಮ, ಮುನಿಸಿಕೊಂಡು ದೂರವಾಗುವ ತಂಗಿ. ಅಮೆರಿಕದ ಕಥೆ, ಹೆಸರು ಮರೆತಿದೆ ಅಂತ ಹೋದ ತಿಂಗಳು ಕೇಳಿದ್ದೆ. ನಿಮ್ಮಲ್ಲೊಬ್ಬರು ಹೇಳಿದ್ದೇ ಸರಿ. ರಿಚರ್ಡ್ ಪವರ್ಸ್ ಬರೆದ ‘ದ ಟೈಮ್ ಆಫ್ ಅವರ್ ಸಿಂಗಿಂಗ್’, 2003ರದ್ದು. ಥ್ಯಾಂಕ್ಸ್!

ಅಪ್ಪ ಜರ್ಮನಿಯಿಂದ ಬಂದ ಯಹೂದಿ ಭೌತವಿಜ್ಞಾನಿ, ಅಮ್ಮ ಕಪ್ಪು ಗಾಯಕಿ. ಅವರು ಭೇಟಿಯಾಗುವುದು 1939ರ ಈಸ್ಟರ್ ದಿನ, ವಾಷಿಂಗ್ಟನ್‌ನ ಲಿಂಕನ್ ಸ್ಮಾರಕದ ಮುಂದೆ, ಗಾಯಕಿ ಮರಿಯನ್ ಆಂಡರ್ಸನ್ ಅವರ ಸಂಗೀತ ಕಛೇರಿಯಲ್ಲಿ. ಈ ಕಛೇರಿ ನಿಜವಾಗಿಯೂ ನಡೆದದ್ದು. ಕಪ್ಪು ಗಾಯಕಿ ಅಂತ ಆಂಡರ್ಸನ್‌ಗೆ ಸಭಾಂಗಣ ಕೊಡಲಿಲ್ಲ. ಬಯಲಲ್ಲೇ ಹಾಡಿದರು, ಸುಮಾರು 75,000 ಜನ ಸೇರಿದ್ದರು.

ತಂಗಿ ರೂತ್ ಹೊಟ್ಟೆಕಿಚ್ಚಿನಿಂದ ಹೋದಳು ಅಂತ ನಾನು ಬರೆದಿದ್ದೆ, ಅಲ್ವಾ? ತಪ್ಪು. ಅಣ್ಣ ಜೋನಾ ಹಾಡುವ ಯುರೋಪಿನ ಸಂಗೀತ ಬಿಳಿಯರದ್ದು ಅನ್ನೋದು ಅವಳ ಸಿಟ್ಟು. ಅವಳು ಕಪ್ಪು ಜನರ ಹೋರಾಟಕ್ಕೆ ಹೋಗುತ್ತಾಳೆ. ಕಥೆ ಹೇಳುವ ತಮ್ಮ ಜೋಸೆಫ್ ಮಾತ್ರ ಇಬ್ಬರ ನಡುವೆ ಸಿಕ್ಕಿಬಿದ್ದವನು. ವರ್ಷಗಟ್ಟಲೆ ಅಣ್ಣನಿಗೆ ಬರೀ ಪಕ್ಕವಾದ್ಯದವನಾಗಿದ್ದ ಅವನೇ ನನಗೆ ಜಾಸ್ತಿ ಕಾಡಿದ್ದು.

ದಪ್ಪ ಪುಸ್ತಕ, 600 ಪುಟ ದಾಟುತ್ತದೆ. ಕಾಲದ ಬಗ್ಗೆ ಅಪ್ಪನ ಲೆಕ್ಕಾಚಾರ ಬಂದಾಗ ಸುಮ್ನೆ ಕಣ್ಣಾಡಿಸಿದೆ, ಒಪ್ಪಿಕೊಳ್ಳುತ್ತೇನೆ.