ಪ್ರಶ್ನೋತ್ತರ: ಆರು ವರ್ಷದೊಳಗಿನ ಮಕ್ಕಳ ಆಟ, ಮಾತು ಮತ್ತು ಮನೆಯ ಕಲಿಕೆ

ನಿರ್ವಾಹಕರು: ನಮ್ಮ ಜಿಲ್ಲೆಯ ಮಕ್ಕಳ ವೈದ್ಯೆಯೊಬ್ಬರು ಈ ಸಂಜೆ ಕೊಡಗಿನ ಪೋಷಕರ ಗುಂಪಿನಲ್ಲಿ ಉತ್ತರಿಸಲು ಒಪ್ಪಿದ್ದಾರೆ. ಮಗುವಿನ ವಯಸ್ಸನ್ನು ತಪ್ಪದೆ ಬರೆಯಿರಿ.

ಕುಶಾಲನಗರದ ತಂದೆ: ನಮಸ್ಕಾರ ಮೇಡಂ. ಮಗಳಿಗೆ ಮೂರೂವರೆ ವರ್ಷ. ಶಾಲೆಯಲ್ಲಿ ಅಕ್ಷರ ಬರೆಸುತ್ತಿದ್ದಾರೆ, ಆದರೆ ಅವಳು ಪೆನ್ಸಿಲ್ ಮುಟ್ಟಲು ಒಲ್ಲೆ ಎನ್ನುತ್ತಾಳೆ. ಮನೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ಬರೆಸಬೇಕು?

ವೈದ್ಯೆ: ಬರೆಸಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗಿನ ಹಂತವನ್ನು ಆಟದ ಮೂಲಕ ಕಲಿಯುವ ಹಂತವೆಂದು ಹೇಳಿದೆ. ಮೊದಲು ಬೆರಳುಗಳಿಗೆ ಬಲ ಬರಲಿ. ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮಾಡುವ ದಿನ, ಬೇಯಿಸಿದ ಅಕ್ಕಿತರಿ ಕೈಗೆ ಹಿತವಾಗುವಷ್ಟು ಆರಿದ ಮೇಲೆ, ಒಂದು ಹಿಡಿ ಅವಳಿಗೂ ಕೊಟ್ಟು ಉಂಡೆ ಕಟ್ಟಿಸಿ. ಉಂಡೆ ಸೊಟ್ಟಗಾದರೆ ತಿದ್ದಬೇಡಿ, ಯಾವುದು ದೊಡ್ಡದು, ತಟ್ಟೆಯಲ್ಲಿ ಎಷ್ಟಾದವು ಎಂದು ಕೇಳಿ. ಕಿತ್ತಳೆ ಸುಲಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಅವಳ ಪಾಲಿಗೇ ಇರಲಿ. ಕಾಫಿ ಬೀಜ, ಕರಿಮೆಣಸು ಎಣಿಸುವ ಆಟವನ್ನು ಮಾತ್ರ ನೀವು ಎದುರಿಗೆ ಕುಳಿತಾಗ ಆಡಿಸಿ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಆ ಆಟವೇ ಬೇಡ, ಬಾಯಿಗೆ ಹಾಕಿಕೊಂಡ ಕಾಳು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳಬಹುದು.

ಕುಶಾಲನಗರದ ತಂದೆ: ಪಕ್ಕದ ಮನೆಯ ಮಗು ಅದೇ ವಯಸ್ಸಿಗೆ ನೂರರವರೆಗೆ ಬರೆಯುತ್ತದೆ.

ವೈದ್ಯೆ: ಬರೆಯಲಿ.

ಗೋಣಿಕೊಪ್ಪದ ತಾಯಿ: ಮೇಡಂ, ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು. ವರ್ಷ ತುಂಬಿದಾಗ ‘ಅವ್ವ’, ‘ಬಾ’ ಎನ್ನುತ್ತಿದ್ದ. ಈಗ ಕೆಲವು ವಾರಗಳಿಂದ ಆ ಮಾತುಗಳಿಲ್ಲ. ಕರೆದರೆ ತಿರುಗುವುದಿಲ್ಲ, ಆದರೆ ಮೊಬೈಲಿನಲ್ಲಿ ಇಂಗ್ಲಿಷ್ ಶಿಶುಗೀತೆ ಹಾಕಿದ ಕೂಡಲೇ ಓಡಿ ಬರುತ್ತಾನೆ. ಅವನ ಅಪ್ಪನೂ ಮೂರು ವರ್ಷಕ್ಕೆ ಮಾತು ಕಲಿತದ್ದು, ಕಾಯೋಣ ಎಂದು ಅತ್ತೆ ಹೇಳುತ್ತಾರೆ.

ಸಿದ್ದಾಪುರದ ಸದಸ್ಯ: (ಬಂದ ಸಂದೇಶವನ್ನು ಹಾಗೆಯೇ ಕಳುಹಿಸಿದ್ದೇನೆ) ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಲವತ್ತೆಂಟು ದಿನ ನಾಲಿಗೆಗೆ ಹಚ್ಚಿದರೆ ಮೂಗನೂ ಅರಳು ಹುರಿದಂತೆ ಮಾತನಾಡುತ್ತಾನೆ. ಹತ್ತು ಗುಂಪುಗಳಿಗೆ ಕಳುಹಿಸಿ.

ವೈದ್ಯೆ: ಗೋಣಿಕೊಪ್ಪದ ತಾಯಿಯವರೇ, ಉಳಿದವರು ಸ್ವಲ್ಪ ಕಾಯಲಿ, ನಿಮಗೆ ವಿವರವಾಗಿ ಬರೆಯುತ್ತೇನೆ. ಮಾತು ತಡವಾಗುವುದು ಬೇರೆ, ಬಂದ ಮಾತು ಹೋಗುವುದು ಬೇರೆ. ಮೊದಲನೆಯದರಲ್ಲಿ ಕೆಲವು ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ, ಎರಡನೆಯದು ಯಾವ ವಯಸ್ಸಿನಲ್ಲಿ ಕಂಡರೂ ಕಾಯದೆ ಪರೀಕ್ಷೆ ಮಾಡಿಸಬೇಕಾದ ಸಂಗತಿ. ಅಪ್ಪ ತಡವಾಗಿ ಮಾತನಾಡಿದ್ದರೆಂಬುದು ಇಲ್ಲಿ ಸಮಾಧಾನದ ಮಾತಾಗುವುದಿಲ್ಲ. ಈ ಕೆಲವನ್ನು ಗಮನಿಸಿ ನನಗೆ ತಿಳಿಸಿ: ಅಂಗಳದಲ್ಲಿ ನಾಯಿಯನ್ನೋ ಹಕ್ಕಿಯನ್ನೋ ಕಂಡಾಗ ಅವನು ಬೆರಳು ತೋರಿಸಿ, ನೀವೂ ನೋಡಿದಿರಾ ಎಂಬಂತೆ ನಿಮ್ಮ ಮುಖ ನೋಡುತ್ತಾನೆಯೇ? ಬೇಕಾದದ್ದಕ್ಕೆ ನಿಮ್ಮ ಕೈ ಹಿಡಿದೆಳೆಯುವುದಷ್ಟೇ ಮಾಡುತ್ತಾನೆಯೇ? ಟಾಟಾ ಮಾಡುವುದೂ ನಿಂತಿದೆಯೇ? ಅವನ ಬೆನ್ನ ಹಿಂದೆ, ಅವನಿಗೆ ಕಾಣದಂತೆ ಚಮಚ ಬಡಿದರೆ ತಿರುಗುತ್ತಾನೆಯೇ? ಶಿಶುಗೀತೆಗೆ ಓಡಿ ಬರುತ್ತಾನೆಂಬ ಮಾತ್ರಕ್ಕೆ ಕಿವಿ ಸರಿಯಿದೆ ಎಂದುಕೊಳ್ಳಬಾರದು, ಏಕೆಂದರೆ ಕೆಲವು ಮಕ್ಕಳಿಗೆ ದಪ್ಪ ಸದ್ದು ಕೇಳಿಸುತ್ತದೆ, ಮಾತಿನ ಸಣ್ಣ ಧ್ವನಿಗಳು ಕೇಳಿಸುವುದಿಲ್ಲ. ಆದ್ದರಿಂದ ಮೊದಲು ಶ್ರವಣ ಪರೀಕ್ಷೆ, ಅದರ ಜೊತೆಗೇ ಬೆಳವಣಿಗೆಯ ತಪಾಸಣೆ. ಆಟಿಸಂ ಇರಬಹುದೇ ಎಂದು ಜರಡಿ ಹಿಡಿಯುವ ಪ್ರಶ್ನಾವಳಿ ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆಂದೇ ಇದೆ. ಅದು ರೋಗ ನಿರ್ಣಯವಲ್ಲ, ಮುಂದೆ ನೋಡಬೇಕೋ ಬೇಡವೋ ಎಂದು ಹೇಳುತ್ತದೆ ಅಷ್ಟೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬನ್ನಿ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಯವರೆಗೆ ಮೊಬೈಲನ್ನು ಅವನ ಕಣ್ಣಿಗೆ ಬೀಳದಂತೆ ಇಡಿ, ಅವನ ಎತ್ತರಕ್ಕೆ ಕುಳಿತು ಅವನು ನೋಡುತ್ತಿರುವುದನ್ನೇ ಹೆಸರಿಸಿ, ಹೇಳಿದ ಮೇಲೆ ಸುಮ್ಮನಿದ್ದು ಅವನ ಸರದಿಗೆ ಕಾಯಿರಿ.

ಸಿದ್ದಾಪುರದವರೇ, ಆ ಸಂದೇಶವನ್ನು ಅಳಿಸಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗರುಳಿನಲ್ಲಿ ವಿಷ ಉತ್ಪಾದಿಸಿ ಮಗುವಿನ ಸ್ನಾಯುಗಳನ್ನು, ಕೊನೆಗೆ ಉಸಿರಾಟವನ್ನೇ ಸೋಲಿಸಬಲ್ಲವು. ಬಜೆಯಿಂದ ಮಾತು ಬರುವುದಿಲ್ಲ, ವಾಂತಿ ಬರಬಹುದು.

ಸಿದ್ದಾಪುರದ ಸದಸ್ಯ: ಅದು ಪೇಟೆಯ ಕಲಬೆರಕೆ ಜೇನಿನ ಮಾತು. ನಮ್ಮ ತೋಟದ ಪೆಟ್ಟಿಗೆಯ ಶುದ್ಧ ಜೇನನ್ನು ತಲೆಮಾರುಗಳಿಂದ ಮಕ್ಕಳಿಗೆ ನೆಕ್ಕಿಸಿದ್ದೇವೆ.

ವೈದ್ಯೆ: ಶುದ್ಧ ಜೇನಿನಲ್ಲೂ ಬೀಜಕಣಗಳಿರಬಹುದು. ಕೊಡಗಿನ ಜೇನೆಂದು ಅವು ಹಿಂಜರಿಯುವುದಿಲ್ಲ.

ವಿರಾಜಪೇಟೆಯ ತಾತ: ಮೊಮ್ಮಗಳಿಗೆ ಎರಡು ವರ್ಷ. ನಾವು ಕೊಡವ ತಕ್ಕ್, ನೆರೆಯವರು ಕನ್ನಡ, ಮಗ-ಸೊಸೆ ಇಂಗ್ಲಿಷ್. ಇಷ್ಟೊಂದು ಭಾಷೆಯಿಂದ ಮಗುವಿಗೆ ಗೊಂದಲವಾಗದೇ?

ವೈದ್ಯೆ: ಆಗುವುದಿಲ್ಲ. ಹಲವು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತು ಕುಂಠಿತವಾಗದು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತನಾಡಿ, ಕಥೆ ಹೇಳಿ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ. ಎರಡು ವರ್ಷ ತುಂಬಿಯೂ ಎರಡು ಪದ ಜೋಡಿಸದಿದ್ದರೆ ತೋರಿಸಿ.

ನಾಪೋಕ್ಲಿನ ತಾಯಿ: ಹೇಳುವುದು ಸುಲಭ. ಎಲ್‌ಕೆಜಿ ಸಂದರ್ಶನದಲ್ಲಿ ಮಗುವಿಗೆ ಕೊಡವ ತಕ್ಕ್‌ನಲ್ಲಿ ಪ್ರಶ್ನೆ ಕೇಳುತ್ತಾರೆಯೇ?

ಭಾಗಮಂಡಲದ ಸದಸ್ಯ: ಹಾಗೆಂದು ಮನೆಯಲ್ಲೂ ಇಂಗ್ಲಿಷೇ ಆದರೆ ನಾಳೆ ಅಜ್ಜಿಯೊಂದಿಗೆ ಮಾತನಾಡಲು ದುಭಾಷಿ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅರೆಭಾಷೆಯೊಂದೇ, ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದಿಲ್ಲ.

ನಾಪೋಕ್ಲಿನ ತಾಯಿ: ನಿಮ್ಮ ಮಕ್ಕಳನ್ನು ಬೆಂಗಳೂರಿನ ಹಾಸ್ಟೆಲಿಗೆ ಸೇರಿಸಿರುವುದು ಇಲ್ಲಿ ಎಲ್ಲರಿಗೂ ತಿಳಿದಿದೆ.

ಭಾಗಮಂಡಲದ ಸದಸ್ಯ: ನಮ್ಮ ಮನೆಯ ವಿಷಯ ತಮಗೆ ಬೇಡ.

ಸೋಮವಾರಪೇಟೆಯ ತಾಯಿ: ನಾಲ್ಕು ವರ್ಷದ ಮಗ ಎಡಗೈಯಲ್ಲಿ ಊಟ ಮಾಡುತ್ತಾನೆ. ಬಿಡಿಸಬೇಕೇ?

ಪೊನ್ನಂಪೇಟೆಯ ತಂದೆ: ಮಳೆಗಾಲದಲ್ಲಿ ಹೊರಗೆ ಬಿಡುವಂತಿಲ್ಲ. ಎರಡೂವರೆ ವರ್ಷದವಳಿಗೆ ಮೊಬೈಲ್ ಎಷ್ಟು ಹೊತ್ತು ಕೊಡಬಹುದು?

ವೈದ್ಯೆ: ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಗರಿಷ್ಠ ಒಂದು ಗಂಟೆ, ಅದೂ ನೀವು ಪಕ್ಕದಲ್ಲಿದ್ದು. ಕೊಡೆ ಹಿಡಿದು ಅಂಗಳಕ್ಕೆ ಕರೆದೊಯ್ಯಿರಿ, ಜಿಗಣೆ ಕಚ್ಚಿದರೆ ಅಳುತ್ತಾಳೆ, ಅಷ್ಟೆ.

ಶನಿವಾರಸಂತೆಯ ತಾಯಿ: ಮೊಬೈಲ್ ಎಷ್ಟು ಹೊತ್ತು ಕೊಡಬಹುದು ಮೇಡಂ?

ವೈದ್ಯೆ: ಮೇಲೆ ಓದಿ.

ಕುಶಾಲನಗರದ ಇನ್ನೊಬ್ಬರು: ಶೈಕ್ಷಣಿಕ ವಿಡಿಯೋ ಆದರೆ?

ವೈದ್ಯೆ: ಅದೂ ಮೊಬೈಲೇ.

ಸಿದ್ದಾಪುರದ ಸದಸ್ಯ: ಪ್ರಶ್ನೆ ಕೇಳಿದವರಿಗೆ ಹೀಗೆ ಉತ್ತರಿಸುವುದಾದರೆ ಈ ಕಾರ್ಯಕ್ರಮವೇಕೆ? ನಮ್ಮ ಅಜ್ಜಿಯಂದಿರು ಯಾವ ಕಾಲೇಜಿನಲ್ಲಿ ಓದಿದ್ದರು?

ಭಾಗಮಂಡಲದ ಸದಸ್ಯ: ಅಜ್ಜಿಯಂದಿರು ಎತ್ತಿಕೊಂಡು ಮಾತನಾಡಿಸುತ್ತಿದ್ದರು, ನಿಮ್ಮ ಹಾಗೆ ಸಂದೇಶ ಕಳುಹಿಸುತ್ತಿರಲಿಲ್ಲ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮುಂದಿನ ಸಂದೇಶಗಳನ್ನು ಅಳಿಸಲಾಗುವುದು.

ಗೋಣಿಕೊಪ್ಪದ ತಾಯಿ: ಮೇಡಂ, ಚಮಚ ಬಡಿದಾಗ ತಿರುಗಿದ. ಬೆರಳು ತೋರಿಸುವುದಿಲ್ಲ. ಟಾಟಾ ಮೊದಲು ಮಾಡುತ್ತಿದ್ದ, ಈಗ ಇಲ್ಲ. ಮಳೆ ಕಡಿಮೆಯಾದ ಮೇಲೆ ಬರಬಹುದೇ?

ವೈದ್ಯೆ: ಬೇಡ, ಮಳೆಗೆ ಕಾಯಬೇಡಿ, ಈ ವಾರವೇ ಬನ್ನಿ. ತಿರುಗಿದರೂ ಶ್ರವಣ ಪರೀಕ್ಷೆ ಬಿಡುವಂತಿಲ್ಲ. ಅವನು ‘ಅವ್ವ’ ಎನ್ನುತ್ತಿದ್ದ ಹಳೆಯ ವಿಡಿಯೋ, ಈಗ ಒಬ್ಬನೇ ಆಡುವಾಗಿನದು, ನಿಮ್ಮೊಂದಿಗೆ ಊಟ ಮಾಡುವಾಗಿನದು ಫೋನಿನಲ್ಲಿರಲಿ. ತಾಯಿ ಕಾರ್ಡನ್ನೂ ತನ್ನಿ. ಸಾಧ್ಯವಾದರೆ ಅತ್ತೆಯವರನ್ನೂ ಕರೆತನ್ನಿ, ಅವರೊಂದಿಗೆ ನಾನೇ ಮಾತನಾಡುತ್ತೇನೆ.